ಕಾಗದ ಇಡುವುದಕ್ಕೂ ಒಂದು ಡಿಗ್ರಿಯಂತೆ!

ಶಿರಸಿಯಿಂದ ಯಲ್ಲಾಪುರ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ದಿನಾ ಓಡಾಡುವವರು ಒಂದು ಸಂಗತಿ ಗಮನಿಸಿರಬಹುದು. ಕಂಕುಳಲ್ಲಿ ಪ್ಲಾಸ್ಟಿಕ್ ಕೊಟ್ಟೆ ಅವುಚಿಕೊಂಡ ಒಬ್ಬ ವಯಸ್ಸಾದವರು ಪ್ರತಿ ಬಸ್ಸಿನಲ್ಲೂ ಇದ್ದೇ ಇರುತ್ತಾರೆ. ಕೊಟ್ಟೆಯೊಳಗೆ ಅಡಿಕೆಯೂ ಇಲ್ಲ, ಔಷಧಿಯೂ ಇಲ್ಲ. ಇರುವುದು ಕಾಗದ. ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದು ಅಕ್ಷರ ಮಾಸಿಹೋದ ಕಾಗದ. ಪಂಚಾಯ್ತಿಯಿಂದ ತಹಶೀಲ್ದಾರ ಕಚೇರಿಗೆ, ಅಲ್ಲಿಂದ ಎ.ಸಿ. ಕಚೇರಿಗೆ, ಅಲ್ಲಿಂದ ಅರಣ್ಯ ಇಲಾಖೆಗೆ. ಸಂಜೆ ವಾಪಸು ಬರುವಾಗ ಕೊಟ್ಟೆ ಹೋದಷ್ಟೇ ದಪ್ಪ ಇರುತ್ತದೆ. ತೆಳ್ಳಗಾಗಿರುವುದು ಕಿಸೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಅಂಥವರ ಪಕ್ಕದಲ್ಲೇ ಈ ವರದಿಗಾರನಿಗೆ ಸೀಟು ಸಿಕ್ಕಿತು. ಯಲ್ಲಾಪುರ ತಾಲೂಕಿನ ಒಳ ಊರಿನವರು, ಎಪ್ಪತ್ತಕ್ಕೆ ಒಂದೆರಡು ವರ್ಷ ಕಮ್ಮಿ. ಅರಣ್ಯ ಹಕ್ಕಿನ ಅರ್ಜಿ ಹಾಕಿದ್ದಾರೆ. ಎಪ್ಪತ್ತೈದು ವರ್ಷದ ದಾಖಲೆ ಕೊಡಿ ಎಂದು ಅರ್ಜಿ ವಾಪಸು ಬಂದಿದೆ.

"ನನಗೇ ಎಪ್ಪತ್ತೈದು ಆಗ್ಲಿಲ್ಲ ತಮಾ, ಕಾಗದಕ್ಕೆ ಎಲ್ಲಿಂದ ತರೋದು?" ಎಂದು ನಕ್ಕರು. ನಗುವಂಥ ವಿಷಯ ಆಗಿರಲಿಲ್ಲ.

ಮುಂದಿನ ಸೀಟಿನಲ್ಲಿ ಸಿದ್ದಾಪುರ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಧಾರವಾಡಕ್ಕೆ ಹೊರಟವಳು. ಕಂಡಕ್ಟರು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಟ್ಟರು. ಅಜ್ಜನಿಗೆ ಅದೂ ಸೋಜಿಗ. "ದುಡ್ಡಿಲ್ಲ ಅಂದ್ಮೇಲೆ ಚೀಟಿ ಯಾಕೆ?" ಎಂದರು. ಹುಡುಗಿ ತಿರುಗಿ ಹೇಳಿದಳು: "ಈ ಚೀಟಿ ಲೆಕ್ಕ ಇಟ್ಕೊಂಡೇ ಅಜ್ಜಾ ಸರ್ಕಾರ ಬಸ್ಸಿನವರಿಗೆ ದುಡ್ಡು ಕೊಡೋದು. ಚೀಟಿ ಇಲ್ಲ ಅಂದ್ರೆ ನಾನು ಈ ಬಸ್ಸಲ್ಲಿ ಕೂತೇ ಇಲ್ಲ ಅಂತ ಆಯ್ತು."

ಸರಿಯಾದ ಮಾತು. ನೀನು ಏನು ಓದ್ತಾ ಇದ್ದೀಯ ತಂಗಿ ಎಂದು ಅಜ್ಜ ಕೇಳಿದರು. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಎಂದಳು. ಅಜ್ಜನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಪೂರ್ತಿ ತಿಳಿಯಲಿಲ್ಲ. ಪುಸ್ತಕಕ್ಕೆ ನಂಬರು ಹಚ್ಚಿ ಕಪಾಟಿನಲ್ಲಿಡೋದಕ್ಕೂ ಯುನಿವರ್ಸಿಟಿಯೇ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಇಟ್ಟಿದ್ದು ಹುಡುಕಿದಾಗ ಸಿಗೋ ಹಾಗೆ ಹ್ಯಾಗೆ ಇಡೋದು ಅಂತ ಓದ್ತೀವಿ ಅಜ್ಜಾ. ಪುಸ್ತಕ ಇರಬಹುದು, ಕಚೇರಿ ಕಾಗದ ಇರಬಹುದು."

ಅಜ್ಜ ಕಂಕುಳ ಕೊಟ್ಟೆಯನ್ನೊಮ್ಮೆ ನೋಡಿಕೊಂಡರು. "ಹಾಗಾದ್ರೆ ನಿನ್ನಂಥೋರು ಒಬ್ರೂ ನಾ ಹೋಗೋ ಆಫೀಸಲ್ಲಿ ಇಲ್ವಲ್ಲ ತಂಗಿ!"

ಸೋಂದಾ ಕ್ರಾಸ್ ದಾಟಿ ಮಂಚಿಕೇರಿ ಬರುವವರೆಗೆ ಇದೇ ಮಾತು. ಬಸ್ಸು ಇಳಿದ ಮೇಲೂ ಆ ಮಾತು ತಲೆಯಿಂದ ಇಳಿಯಲಿಲ್ಲ. ಅದಕ್ಕೇ ಈ ವರದಿ.

ಕಿರಾಣಿ ಅಂಗಡಿ ಪಾಠ

ಈ ವಿದ್ಯೆ ಏನೆಂಬುದು ನಮ್ಮ ಅಂಗಡಿಕಾರರಿಗೆ ಬೇಗ ತಿಳಿಯುತ್ತದೆ. ಶಿರಸಿ ಪೇಟೆಯ ಒಂದು ಕಿರಾಣಿ ಅಂಗಡಿ ಎಂದು ಇಟ್ಟುಕೊಳ್ಳಿ. ಜೀರಿಗೆ ಎಲ್ಲಿದೆ, ಕೆಮ್ಮಣ್ಣು ಎಲ್ಲಿದೆ, ಮೂರು ವರ್ಷದ ಹಿಂದೆ ಹೆಗಡೇರ ಮನೆ ಉಪನಯನಕ್ಕೆ ಕೊಟ್ಟ ಸಾಮಾನಿನ ಪಟ್ಟಿ ಎಲ್ಲಿದೆ, ಎಲ್ಲವೂ ಸಾಹುಕಾರರ ತಲೆಯಲ್ಲಿದೆ. ಅವರು ಗಲ್ಲೆಯಲ್ಲಿ ಕೂತಿರುವಷ್ಟು ಹೊತ್ತು ವ್ಯಾಪಾರ ಸಲೀಸು. ಅವರು ನಾಲ್ಕು ದಿನ ಮದುವೆಗೆ ಹೋಗಲಿ, ಆಮೇಲೆ ನೋಡಿ ಮಜಾ. ಮಗ ಒಂದು ಡಬ್ಬ ತೆಗೆಯುತ್ತಾನೆ, ಕೆಲಸದ ಹುಡುಗ ಇನ್ನೊಂದು ಡಬ್ಬ ತೆಗೆಯುತ್ತಾನೆ, ಗಿರಾಕಿ ಮುಂದಿನ ಅಂಗಡಿಗೆ ನಡೆಯುತ್ತಾನೆ.

ನಮ್ಮ ಕಚೇರಿಗಳ ಸ್ಥಿತಿ ಇದೇ. ಯಾವ ಗಂಟು ಯಾವ ಕಪಾಟಿನಲ್ಲಿದೆ ಎಂಬುದು ಒಬ್ಬ ಹಳೇ ಗುಮಾಸ್ತರಿಗೆ ಮಾತ್ರ ಗೊತ್ತಿರುತ್ತದೆ. ಅವರಿಗೆ ವರ್ಗವಾಗುತ್ತದೆ, ಇಲ್ಲವೇ ನಿವೃತ್ತಿ. ಹಾರ ಹಾಕಿ, ಫೋಟೋ ತೆಗೆದು, ಉಪ್ಪಿಟ್ಟು ತಿಂದು ಕಳಿಸಿಕೊಡುತ್ತಾರೆ. ಅವರ ಜೊತೆ ಕಚೇರಿಯ ನೆನಪೂ ಮನೆಗೆ ಹೋಯಿತು ಎಂಬುದು ಮರುದಿನ ಯಾರೋ ನಕಲು ಕೇಳಿಕೊಂಡು ಬಂದಾಗಲೇ ಗೊತ್ತಾಗುವುದು. ಗಿರಾಕಿ ಮುಂದಿನ ಅಂಗಡಿಗೆ ಹೋಗಬಹುದು. ಪಹಣಿ ಬೇಕಾದವನು ಎಲ್ಲಿಗೆ ಹೋಗಬೇಕು?

ಒಬ್ಬನ ತಲೆಯಲ್ಲಿರುವುದನ್ನು ಯಾರು ಬಂದರೂ ತಿಳಿಯುವ ಪಟ್ಟಿಯಾಗಿ ಮಾಡುವುದು ಹೇಗೆ ಎಂಬುದೇ ಈ ಓದು. ಕೇಳಲು ಇಷ್ಟೇ. ಮಾಡಲು ಕೂತರೆ ಎರಡು ವರ್ಷ ಸಾಲದು.

ನಮ್ಮ ಜಿಲ್ಲೆಯ ಕಾಲೇಜುಗಳು 1949ರಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ನಮ್ಮ ಮಕ್ಕಳು ಈ ವಿಷಯಕ್ಕೆ ಮೊದಲು ನೋಡುವುದು ಧಾರವಾಡದ ಕಡೆಗೆ. ಸಿದ್ದಾಪುರದವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಒಂದು ದಾರಿ. ಬಿ.ಎ. ಆಗಿರಲಿ, ಬಿ.ಕಾಂ. ಆಗಿರಲಿ, ಬಿ.ಎಸ್ಸಿ. ಆಗಿರಲಿ, ಒಂದು ಡಿಗ್ರಿ ಮುಗಿದಿದ್ದರೆ ಆಯಿತು. ಮನೆ ಬಿಟ್ಟು ಹೋಗಲಾಗದವರಿಗೆ, ತೋಟ ನೋಡಿಕೊಂಡೇ ಓದಬೇಕು ಎನ್ನುವವರಿಗೆ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಂಚೆ ಮೂಲಕವೂ ಈ ಕೋರ್ಸು ಇದೆ.

ಏನು ಕಲಿಸುತ್ತಾರೆ? ಪುಸ್ತಕವನ್ನು ವಿಷಯವಾರು ವಿಂಗಡಿಸುವುದು ಮೊದಲ ಪಾಠ. ಅಮೆರಿಕದ ಡ್ಯೂಯಿ ಎಂಬಾತ 1876ರಲ್ಲಿ ಜಗತ್ತಿನ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನು ಮತ್ತೆ ಹತ್ತು ಮಾಡಿ ಅಂಕಿ ಕೊಟ್ಟ. ನಮ್ಮ ಲೈಬ್ರರಿ ಪುಸ್ತಕದ ಬೆನ್ನಿಗೆ ಹಚ್ಚಿರುವ ಚೀಟಿಯ ಅಂಕಿ ಬಹಳ ಕಡೆ ಅವನದೇ. ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ನಮ್ಮವರೇ ಆದ ಎಸ್.ಆರ್. ರಂಗನಾಥನ್. ತಮಿಳುನಾಡಿನ ಶಿಯಾಳಿಯವರು, ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಮೊದಲಿಗೆ ಈ ಕೆಲಸ ಬೇಜಾರಾಗಿ, ಪಾಠ ಹೇಳುವುದಕ್ಕೇ ವಾಪಸು ಕಳಿಸಿ ಎಂದವರಂತೆ. ತರಬೇತಿಗೆ ಲಂಡನ್ನಿಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ನೋಡಿದರು. ಅದೇ ತಗಡು ಪಟ್ಟಿ, ಅದೇ ತಿರುಪು; ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು. ವಿಷಯಗಳನ್ನೂ ಹೀಗೇ ತುಂಡು ತುಂಡಾಗಿ ಜೋಡಿಸಬಹುದಲ್ಲ ಎಂದು ಹೊಳೆಯಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿ ಬಂತು. ಅಂಗಡಿಗೆ ಹೋದವರೆಲ್ಲ ಬರೀ ರೇಟು ಕೇಳಿ ಬರುವುದಿಲ್ಲ ನೋಡಿ!

ಅವರು 1931ರಲ್ಲಿ ಹಾಕಿಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು, ಬಂದವನ ಹೊತ್ತು ಉಳಿಸಬೇಕು ಎಂಬುದು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ನಮ್ಮ ಕೆಲವು ಕಚೇರಿಗಳ ಬಾಗಿಲಿಗೆ ತೂಗಹಾಕಬೇಕು ಎನಿಸುತ್ತದೆ. ರಂಗನಾಥನ್ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. ಅಲ್ಲಿ 1962ರಲ್ಲಿ ದಾಖಲೆ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು.

ಪುಸ್ತಕ ಬೇರೆ, ದಾಖಲೆ ಬೇರೆ

ಇಲ್ಲಿಗೆ ಬಂದಾಗಲೇ ವಿಷಯ ಗಂಭೀರವಾಗುವುದು. ಲೈಬ್ರರಿಯ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ಎಲ್ಲೋ ಇರುತ್ತದೆ. ಕಚೇರಿಯ ಕಾಗದ ಹಾಗಲ್ಲ, ಅದು ಒಂದೇ. ಹೋದರೆ ಹೋಯಿತು. ಅದಕ್ಕೇ ದಾಖಲೆ ನಿರ್ವಹಣೆ ಎಂಬುದು ಈ ಓದಿನಲ್ಲಿ ಬೇರೆಯೇ ಪಾಠ. ಅದನ್ನೇ ಆಳವಾಗಿ ಓದಬೇಕೆಂದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಆ ಪತ್ರಾಗಾರ ಶುರುವಾಗಿದ್ದು 1891ರಲ್ಲಿ, ಕಲ್ಕತ್ತೆಯಲ್ಲಿ.

ಎಲ್ಲ ಕಾಗದವನ್ನೂ ಇಡಬೇಕೆಂದು ಈ ಶಾಸ್ತ್ರ ಹೇಳುವುದಿಲ್ಲ. ಯಾವುದನ್ನು ಎಷ್ಟು ವರ್ಷ ಇಡಬೇಕು, ಯಾವುದನ್ನು ಸುಡಬಹುದು ಎಂಬುದೇ ಅರ್ಧ ವಿದ್ಯೆ. ಕಚೇರಿಗಳಲ್ಲಿ ಎ, ಬಿ, ಸಿ ಎಂದು ದರ್ಜೆ ಹಾಕುತ್ತಾರೆ. ಎ ಎಂದರೆ ಕಾಯಂ, ಬಿ ಎಂದರೆ 30 ವರ್ಷ, ಸಿ ಎಂದರೆ 10 ವರ್ಷ. ದರ್ಜೆ ಹಾಕುವವನಿಗೆ ಬುದ್ಧಿ ಇದ್ದರೆ ಮಾತ್ರ ಇದು ಸರಿ. ಎ ಹಾಕಬೇಕಾದ ಕಡೆ ಸಿ ಹಾಕಿದರೆ ಹತ್ತು ವರ್ಷ ಕಳೆದ ಮೇಲೆ ಒಂದು ಕುಟುಂಬದ ಹಕ್ಕು ಬೂದಿ. ಯಾರೂ ಕೆಟ್ಟವರಲ್ಲ, ಯಾರೂ ಲಂಚ ತಿಂದಿಲ್ಲ, ಆದರೂ ಬೂದಿ.

ಕೇಂದ್ರ ಸರ್ಕಾರದ ಕಚೇರಿಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಪ್ರತಿ ಇಲಾಖೆಯೂ ದಾಖಲೆಗೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. 1892ಕ್ಕೆ ಮುಂಚಿನ ಕಾಗದವನ್ನು, ಓದಲಾಗದಷ್ಟು ಹಾಳಾಗಿದ್ದರೆ ಬಿಟ್ಟು, ನಾಶ ಮಾಡುವಂತಿಲ್ಲ. ಕಾನೂನು ಮೀರಿದರೆ ಐದು ವರ್ಷದವರೆಗೆ ಜೈಲು. 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ಎಲ್ಲ ಸರ್ಕಾರಿ ಕಚೇರಿಗಳಿಗೂ ಅನ್ವಯ. ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕುವುದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 4ನೇ ಕಲಮಿನ ಮೊದಲ ಸಾಲೇ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಬರೆದು ಇಡಬೇಕು ಎಂದು ಕಚೇರಿಗೆ ಕಟ್ಟು ಮಾಡಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ಪಟ್ಟಿಯೇ ಇಲ್ಲದ ಮೇಲೆ ಮೂವತ್ತು ದಿನದಲ್ಲಿ ಉತ್ತರ ಕೊಡುವುದು ಹೇಗೆ? ಕಡತ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಬರುವುದು ಇದರಿಂದಲೇ.

ಮುತ್ತಜ್ಜನ ಜೈಲು

ಮನೆಯ ಕತೆ ಒಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

1930ರ ದಶಕದ ಕರನಿರಾಕರಣೆ ಚಳವಳಿಯಲ್ಲಿ ಸಿದ್ದಾಪುರ ಮತ್ತು ಅಂಕೋಲೆ ಹೆಸರು ಮಾಡಿದ ತಾಲೂಕುಗಳು. ತೀರುವೆ ಕೊಡುವುದಿಲ್ಲ ಎಂದು ಕೂತರು. ಬ್ರಿಟಿಷ್ ಸರ್ಕಾರ ಜಮೀನು ಜಪ್ತಿ ಮಾಡಿತು, ಮನೆಯ ಪಾತ್ರೆ ಪಗಡಿ ಹೊತ್ತೊಯ್ದಿತು, ಗಂಡಸರು ಹೆಂಗಸರು ಎನ್ನದೆ ಜೈಲಿಗೆ ಹಾಕಿತು. ಈ ವರದಿಗಾರನ ಮುತ್ತಜ್ಜನೂ ಹಾಗೆ ಒಳಗೆ ಹೋದವರಲ್ಲಿ ಒಬ್ಬ. ಏಳು ತಿಂಗಳು ಇದ್ದು ಬಂದ ಎಂದು ಅಜ್ಜಿ ಹೇಳುತ್ತಿದ್ದಳು.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ಆರು ತಿಂಗಳು ಜೈಲು ಆಗಿರಬೇಕು, ಜೈಲಿನ ಸರ್ಟಿಫಿಕೇಟ್ ತರಬೇಕು. ಮುತ್ತಜ್ಜ ಬರೆದ. ಜೈಲಿನಿಂದ ಉತ್ತರ ಬಂತು: ಆ ಸಾಲಿನ ರಜಿಸ್ಟರ್ ಲಭ್ಯವಿಲ್ಲ. ದಾಖಲೆ ಸಿಗದಿದ್ದರೆ ಜೊತೆಗಿದ್ದ ಕೈದಿಗಳ ಸರ್ಟಿಫಿಕೇಟ್ ಆದರೂ ನಡೆಯುತ್ತದೆ ಎಂಬ ದಾರಿ ಇತ್ತು. ಒಬ್ಬರು ಬರೆದುಕೊಟ್ಟರು. ಇನ್ನೊಬ್ಬರ ಮನೆ ಹುಡುಕಿಕೊಂಡು ಹೋದಾಗ ಅವರ ಹದಿಮೂರನೇ ದಿನದ ಊಟ ನಡೆಯುತ್ತಿತ್ತು. ಊಟ ಮಾಡಿ ಬಂದ ಎಂದು ಅಜ್ಜಿ ಹೇಳುವಾಗ ನಗುತ್ತಿದ್ದಳು. ಪಿಂಚಣಿ ಬರಲಿಲ್ಲ. ಮುತ್ತಜ್ಜನಿಗೆ ದುಡ್ಡಿನ ಚಿಂತೆ ಅಷ್ಟಿರಲಿಲ್ಲವಂತೆ. ನಾನು ಜೈಲಿಗೆ ಹೋಗಿದ್ದು ಸುಳ್ಳು ಅಂತ ಆಯ್ತಲ್ಲ ಎಂಬುದೇ ಕೊನೆವರೆಗೂ ಕೊರಗು. ಆ ರಜಿಸ್ಟರ್ ಗೆದ್ದಲು ತಿಂದಿತೋ, ಬೇರೆ ಊರಿನ ಬೇರೆ ಕಪಾಟಿನಲ್ಲಿ ಈಗಲೂ ಕೂತಿದೆಯೋ, ದೇವರಿಗೇ ಗೊತ್ತು.

ಮೂರು ರಾಜ್ಯ ಕಂಡ ಕಾಗದ

ಬೇರೆ ಊರು ಎಂದದ್ದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆಯ ಕಾಗದದಷ್ಟು ಊರು ತಿರುಗಿದ ಕಾಗದ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದರೂ ನಡೆದೀತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಮದ್ರಾಸಿನ ಆಡಳಿತ. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಶಿರಸಿಯ ತೋಟ ಇದ್ದಲ್ಲೇ ಇದೆ, ಸರ್ಕಾರ ಮೂರು ಬದಲಾಯಿತು. ಹಾಗಾಗಿ ನಿಮ್ಮ ಅಜ್ಜನ ಅಜ್ಜನ ತೀರುವೆಯ ಲೆಕ್ಕ ಚೆನ್ನೈನ ಎಗ್ಮೋರ್ ಪತ್ರಾಗಾರದಲ್ಲಿರಬಹುದು, ಮುಂಬಯಿಯಲ್ಲಿರಬಹುದು, ಕಾರವಾರದಲ್ಲಿರಬಹುದು, ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಹೋಗಿರಬಹುದು. ಆ ಪತ್ರಾಗಾರಕ್ಕೆ ಧಾರವಾಡದಲ್ಲೂ ಒಂದು ವಿಭಾಗೀಯ ಕಚೇರಿ ಇದೆ.

ಇದನ್ನು ಹುಡುಕುವುದಕ್ಕೆ ಈ ಶಾಸ್ತ್ರದಲ್ಲಿ ಒಂದು ನಿಯಮ ಹೇಳಿಕೊಡುತ್ತಾರೆ. ಕಾಗದವನ್ನು ವಿಷಯದ ಮೇಲೆ ಹುಡುಕಬೇಡ, ಅದು ಹುಟ್ಟಿದ ಮನೆಯ ಮೇಲೆ ಹುಡುಕು ಎಂದು. ಯಾವ ಕಚೇರಿ ಅದನ್ನು ಬರೆಯಿತೋ ಆ ಕಚೇರಿಯ ಗಂಟಿನಲ್ಲೇ, ಬರೆದ ಸಾಲಿನಲ್ಲೇ ಅದು ಇರಬೇಕು. ಚೆಂದ ಮಾಡಲು ಹೋಗಿ ಎಲ್ಲವನ್ನೂ ಬಿಚ್ಚಿ ಬೆರೆಸಿದರೆ ಕಾಗದ ಉಳಿದರೂ ಸಾಕ್ಷಿ ಸಾಯುತ್ತದೆ. ಈ ಮಾತು ನೆನಪಿನಲ್ಲಿರಲಿ, ಕೊನೆಗೆ ಕೆಲಸಕ್ಕೆ ಬರುತ್ತದೆ.

ಅಂದಹಾಗೆ ಕಡತ ಎಂಬ ಮಾತು. ಇವತ್ತು ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ. ಶಾನುಭೋಗರ ಲೆಕ್ಕ, ಅಂಗಡಿಯ ಲೆಕ್ಕ ಎರಡೂ ಅದರಲ್ಲೇ. ಮಲೆನಾಡಿನ ಹಳೇ ಮನೆಗಳ ಅಟ್ಟದಲ್ಲಿ ಅಂಥ ಕಡತಗಳು, ತಾಳೆಗರಿ ಕಟ್ಟುಗಳು ಈಗಲೂ ಸಿಗುತ್ತವೆ. ಸಾಗರದ ಹತ್ತಿರ ಕೆಳದಿಯಲ್ಲಿ ಗುಂಡಾಜೋಯಿಸರು ಮನೆ ಮನೆ ತಿರುಗಿ ಇಂಥವನ್ನು ಕೂಡಿಸಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ನಮ್ಮ ಬನವಾಸಿಯ ಕಲ್ಲಿನ ಶಾಸನಗಳಂತೂ ನೂರಾರು ಮಳೆಗಾಲ ಕಂಡು ನಿಂತಿವೆ. ಕಲ್ಲಿನಲ್ಲಿ ಬರೆದದ್ದು ಉಳಿಯಿತು, ಬಟ್ಟೆಯಲ್ಲಿ ಬರೆದದ್ದು ಅರ್ಧ ಉಳಿಯಿತು. ಮೂವತ್ತು ವರ್ಷದ ಹಿಂದೆ ಫ್ಲಾಪಿಯಲ್ಲಿ ತುಂಬಿಸಿದ್ದನ್ನು ತೆರೆಯುವ ಯಂತ್ರ ಇವತ್ತು ಪೇಟೆಯಲ್ಲಿ ಸಿಗುವುದಿಲ್ಲ!

ಕಂಪ್ಯೂಟರ್ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ, ಉಪಕಾರವೂ ಆಗಿದೆ. 2001ರಿಂದೀಚೆಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ಪಹಣಿಗಾಗಿ ಕೈಕಟ್ಟಿ ನಿಲ್ಲುವ ಕಾಲ ಹೋಯಿತು. 2024ರಲ್ಲಿ ಭೂ ಸುರಕ್ಷಾ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೇ ಕಾಗದಗಳನ್ನೂ ಸ್ಕ್ಯಾನ್ ಮಾಡುವ ಕೆಲಸ ಸರ್ಕಾರ ಎತ್ತಿಕೊಂಡಿತು. ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡುವುದು ಬೇರೆ, ಸೂಚಿ ಬರೆಯುವುದು ಬೇರೆ. ಸರ್ವೆ ನಂಬರ್ ಒಂದು ಅಂಕಿ ತಪ್ಪಿ ಬರೆದರೆ ಕಪಾಟಿನಲ್ಲಿ ಕಳೆದದ್ದು ಕಂಪ್ಯೂಟರಿನಲ್ಲಿ ಕಳೆದಂತೆ. ಕಪಾಟಿನಲ್ಲಾದರೆ ಕೈಯಾಡಿಸಿ ಹುಡುಕಬಹುದಿತ್ತು. ಸೂಚಿ ಬರೆಯಲು ಕೂರಿಸಿದವರಿಗೆ ಆಕಾರಬಂದ್ ಯಾವುದು, ಹಿಸ್ಸಾ ಯಾವುದು, ಬೆಟ್ಟ ಯಾವುದು ಎಂದು ತಿಳಿದಿರಬೇಕಲ್ಲ.

ಲ್ಯಾಮಿನೇಶನ್ ಅಂಗಡಿಯವರು ಸಿಟ್ಟಾಗಬಾರದು

ಇನ್ನು ಮಳೆ. ಶಿರಸಿಗೆ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಕಾಗದ ಒಣಗೀತೇ? ಕಾಗದಕ್ಕೆ ಹಿತವಾದ ತೇವ ನೂರಕ್ಕೆ ಐವತ್ತರ ಆಸುಪಾಸು. ನಮ್ಮ ಮಳೆಗಾಲದ ಗಾಳಿ ತೊಂಬತ್ತಕ್ಕೆ ಏರಿ ಕೂತಿರುತ್ತದೆ. ಬೂಷ್ಟು ಹಿಡಿಯದೆ ಏನು ಮಾಡೀತು? ನಮ್ಮ ಹಿರಿಯರು ಕಾಗದದ ಪೆಟ್ಟಿಗೆಯನ್ನು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಡುತ್ತಿದ್ದುದು, ಬಜೆ ಬೇರು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಈಗ ಗ್ಯಾಸ್ ಒಲೆ. ಹೊಗೆ ಇಲ್ಲ, ಪೆಟ್ಟಿಗೆ ಕಬ್ಬಿಣದ ಕಪಾಟಿನಲ್ಲಿ.

ಹುಡುಗಿ ಬಸ್ಸಿನಲ್ಲಿ ಹೇಳಿದ ಒಂದು ಮಾತು ಕೇಳಿ ಈ ವರದಿಗಾರನ ಎದೆ ಧಸಕ್ಕೆಂದಿತು. ಹಳೇ ಕಾಗದಕ್ಕೆ ಬಿಸಿ ಲ್ಯಾಮಿನೇಶನ್ ಮಾಡಿಸಲೇಬಾರದಂತೆ. ಒಮ್ಮೆ ಪ್ಲಾಸ್ಟಿಕ್ ಅಂಟಿದರೆ ಬಿಡಿಸಲು ಬಾರದು. ಒಳಗೆ ಉಳಿದ ತೇವ, ಹುಳಿ ಒಳಗೇ ಕೂತು ಕಾಗದ ತಿನ್ನುತ್ತದೆ. ಮೇಲಾಗಿ ಅಸಲಿ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಕಾಗದವನ್ನು ಮುಟ್ಟುವಂತೆಯೇ ಇರುವುದಿಲ್ಲ. ನಮ್ಮ ಮನೆಯ ಹಳೇ ಖರೀದಿ ಪತ್ರಕ್ಕೆ ಭಾರೀ ಜಾಣತನ ಎಂದುಕೊಂಡು ನಾನೇ ಮಾಡಿಸಿಕೊಂಡು ಬಂದಿದ್ದೆ! ಸೆಲ್ಲೋಟೇಪು ಅಂಟಿಸುವುದೂ ಅಷ್ಟೇ ಕೆಟ್ಟದ್ದು, ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರ ನುಂಗುತ್ತದೆ. ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಬೇಡ. ಮಡಿಕೆ ಬಿಚ್ಚಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಟ್ಟು, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಹಾಕಿದರೆ ಸಾಕು. ಕಾಸಿನ ಖರ್ಚಿಲ್ಲ.

ಅಂಗಡಿಕಾರರಿಗೂ ಒಂದು ಮಾತು. ಜಿ.ಎಸ್.ಟಿ. ಲೆಕ್ಕದ ಪುಸ್ತಕ, ಬಿಲ್ಲುಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ಇಟ್ಟಿರಬೇಕು. ಆರು ವರ್ಷ! ಬಿಸಿಯಿಂದ ಅಚ್ಚಾಗುವ ನುಣುಪು ಕಾಗದದ ಬಿಲ್ಲು ಆರು ತಿಂಗಳಲ್ಲೇ ಬಿಳಿಚಿಕೊಳ್ಳುತ್ತದೆ. ಬಂದ ದಿನವೇ ಅದರ ಜೆರಾಕ್ಸ್ ಮಾಡಿ ಇಡಿ.

ಓದಿದವರು ಎಲ್ಲಿ ಹೋದರು?

ಇಷ್ಟೆಲ್ಲ ಕಲಿತ ಮಕ್ಕಳು ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಕಾಲೇಜು ಲೈಬ್ರರಿಗಳಲ್ಲಿ ಕೆಲವರು. ಅದಕ್ಕೂ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಪಾಸಾಗಿರಬೇಕು. ಹಲವರು ಬೆಂಗಳೂರಿನ ಆಸ್ಪತ್ರೆ, ಕಂಪನಿ, ವಕೀಲರ ಕಚೇರಿಗಳಲ್ಲಿ ಕಾಗದ ಕಾಯುತ್ತಿದ್ದಾರೆ. ದುಡ್ಡಿರುವವರಿಗೆ ಕಾಗದದ ಬೆಲೆ ಗೊತ್ತು, ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ. ನಮ್ಮ ಕಚೇರಿಗಳ ರೆಕಾರ್ಡ್ ರೂಮಿಗೆ ಮಾತ್ರ ಈ ಓದಿನವರು ಬೇಕು ಎಂಬ ಜಾಹೀರಾತು ಈ ವರದಿಗಾರನ ಕಣ್ಣಿಗೆ ಇವತ್ತಿನವರೆಗೆ ಬಿದ್ದಿಲ್ಲ. ರೆಕಾರ್ಡ್ ರೂಮಿಗೆ ಹಾಕಿದರು ಎಂದರೆ ಸಾಹೇಬರ ಸಿಟ್ಟಿಗೆ ಗುರಿಯಾದ ಎಂದೇ ನೌಕರರ ನಡುವೆ ಅರ್ಥ. ದೂಳು, ಕೆಮ್ಮು, ಒಂದು ಬಲ್ಬು. ಅಲ್ಲಿ ಕೂತ ಬಡಪಾಯಿಯನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಯಾರೂ ಕಲಿಸಿಲ್ಲ.

ದುಡ್ಡಿಲ್ಲ ಎಂಬ ಮಾತನ್ನೂ ಪೂರ್ತಿ ಒಪ್ಪಲಾಗದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ಗ್ರಂಥಾಲಯ ಕರ ಎಂದು ಕಟ್ಟುತ್ತೇವೆ. ಪೇಟೆಯ ಪ್ರತಿ ಅಂಗಡಿಯೂ ಕಟ್ಟಿದೆ, ರಸೀದಿ ತೆಗೆದು ನೋಡಿಕೊಳ್ಳಿ. 2019ರಿಂದ ಹಳ್ಳಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದು ಈಗ ಅರಿವು ಕೇಂದ್ರ ಎನಿಸಿಕೊಂಡಿವೆ. ಅದೇ ಪಂಚಾಯ್ತಿಯ ಇನ್ನೊಂದು ಕೋಣೆಯಲ್ಲಿ ಮನೆ ತೆರಿಗೆಯ ಹಳೇ ರಜಿಸ್ಟರುಗಳಿವೆ. ಎರಡಕ್ಕೂ ಸೇರಿ, ನಾಲ್ಕೈದು ಪಂಚಾಯ್ತಿಗೆ ಒಬ್ಬ ಓದಿದ ಹುಡುಗನನ್ನೋ ಹುಡುಗಿಯನ್ನೋ ಇಟ್ಟರೆ ಸರ್ಕಾರ ಮುಳುಗಿಹೋಗುತ್ತದೆಯೇ?

ಮತ್ತೆ ಆ ಅಜ್ಜ

ಬಸ್ಸಿನ ಕತೆ ಬಾಕಿ ಉಳಿಯಿತು. ಜಿಲ್ಲೆಯ ನೂರರಲ್ಲಿ ಎಂಬತ್ತು ಪಾಲು ಕಾಡು. ಅದರೊಳಗೆ ಮನೆ ಮಾಡಿಕೊಂಡವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಆಸೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗಿ ನಿಲ್ಲುತ್ತದೆ.

ತೋರಿಸಲು ಪಹಣಿಯೇ ಬೇಕೆಂದು ನಿಯಮ ಹೇಳಿಲ್ಲ. 13ನೇ ನಿಯಮದಲ್ಲಿ ಉದ್ದದ ಪಟ್ಟಿ ಇದೆ: ಜನಗಣತಿ, ಸರ್ವೆ ವರದಿ, ನಕ್ಷೆ, ಮನೆ ತೆರಿಗೆ ರಸೀದಿ, ಕೋರ್ಟಿನ ಕಾಗದ, ಹಳೇ ಬಾವಿ, ಸ್ಮಶಾನ, ದೇವರ ಬನ, ವಂಶಾವಳಿ, ಊರ ಹಿರಿಯರು ಹೇಳಿ ಬರೆಸಿದ ಹೇಳಿಕೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಇಂಥದ್ದೇ ಕಾಗದ ತಾ ಎಂದು ಹಟ ಹಿಡಿದು ಅರ್ಜಿ ತಳ್ಳಬಾರದು ಎಂದು 2012ರ ತಿದ್ದುಪಡಿ ಬಾಯಿಬಿಟ್ಟು ಹೇಳಿದೆ. ಕಚೇರಿಯಲ್ಲಿರುವ ಕಾಗದವನ್ನು ಗ್ರಾಮಸಭೆ ಕೇಳಿದರೆ ಅಧಿಕಾರಿಗಳು ದೃಢೀಕರಿಸಿ ಕೊಡಬೇಕು ಎಂದೂ ಇದೆ.

ಹುಡುಗಿ ಅಜ್ಜನಿಗೆ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಅಪ್ಪಯ್ಯ ಶಾಲೆಗೆ ಹೋಗಿದ್ರಾ?"

"ಹೋಗಿದ್ದ. ಎರಡನೇತ್ತೆ ಫೇಲು."

"ಶಾಲೆ ಈಗಲೂ ಉಂಟಾ?"

"ಉಂಟು. ಮಕ್ಕಳೇ ಇಲ್ಲ, ಏಳೋ ಎಂಟೋ."

"ಹಾಗಾದ್ರೆ ಜನರಲ್ ರಜಿಸ್ಟರ್ ಅಂತ ಒಂದು ಇರ್ತದೆ ಅಜ್ಜಾ. ಶಾಲೆ ಸೇರಿದವರ ಹೆಸರು ಎಲ್ಲ ಅದರಲ್ಲಿರ್ತದೆ. ಅದನ್ನ ನೋಡಿ."

ಯಲ್ಲಾಪುರದಲ್ಲಿ ಅಜ್ಜ ಇಳಿದರು. ಇಳಿಯುವ ಮುಂಚೆ ಈ ವರದಿಗಾರನ ಮೊಬೈಲ್ ನಂಬರನ್ನು ಬೀಡಿ ಕಟ್ಟಿನ ಮೇಲೆ ಬರೆಸಿಕೊಂಡರು. ಆ ನಂಬರ್ ಉಳಿಯುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಫೋನು ಬಂತು. ಹೋಗಿ ನೋಡಿಯೂ ಬಂದೆ. ಶಾಲೆಯ ಮರದ ಪೆಟ್ಟಿಗೆಯಲ್ಲಿ ರಜಿಸ್ಟರ್ ಇತ್ತು. ಹಿಂದೆ ಇದ್ದ ಯಾವುದೋ ಪುಣ್ಯಾತ್ಮ ಮಾಸ್ತರರು ಪ್ರತಿ ಪುಸ್ತಕಕ್ಕೂ ನಂಬರು ಹಾಕಿ, ಸಾಲಾಗಿ ಜೋಡಿಸಿ, ಮುಚ್ಚಳದ ಒಳಮೈಗೆ ಪಟ್ಟಿ ಅಂಟಿಸಿ ಹೋಗಿದ್ದಾರೆ. ಅಜ್ಜನ ಅಪ್ಪಯ್ಯನ ಹೆಸರು ಇದೆ, ಊರು ಇದೆ, ಅವರ ತಂದೆಯ ಹೆಸರೂ ಇದೆ. ಸೇರಿದ ವರ್ಷದ ಜಾಗದಲ್ಲಿ ಮಾತ್ರ ಗೆದ್ದಲಿನ ತೂತು. ಹತ್ತೊಂಬತ್ತು ನೂರ, ಆಮೇಲೆ ತೂತು, ಆಮೇಲೆ ಒಂಬತ್ತು. 1929 ಇರಬಹುದು, 1939 ಇರಬಹುದು. ಒಂದಾದರೆ ಜಮೀನು ಉಂಟು, ಇನ್ನೊಂದಾದರೆ ಇಲ್ಲ.

ಈಗಿನ ಹೆಡ್‌ಮಾಸ್ತರರು ಬೆರಳಿಟ್ಟು ತೋರಿಸಿದರು. ಮೇಲಿನ ಹುಡುಗನ ಕ್ರಮಸಂಖ್ಯೆಯ ಮುಂದೆ 1929, ಸ್ಪಷ್ಟವಾಗಿ. ಕೆಳಗಿನ ಹುಡುಗನ ಮುಂದೆಯೂ 1929. ಸಾಲು ಕೆಟ್ಟಿಲ್ಲ, ಹಾಳೆ ಬಿಚ್ಚಿಲ್ಲ, ಹೊಲಿಗೆ ಹಾಗೇ ಇದೆ. ಮೂರೂ ಸಾಲಿನ ನಕಲು ತೆಗೆದು, ಸಹಿ ಸಿಕ್ಕ ಹಾಕಿ ಕೊಟ್ಟರು. ಊರಿನ ಇಬ್ಬರು ಹಿರಿಯರ ಹೇಳಿಕೆಯನ್ನೂ ಸೇರಿಸಿ ಅಜ್ಜ ಮತ್ತೆ ಅರ್ಜಿ ಕೊಟ್ಟಿದ್ದಾರೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ. ಕೊಟ್ಟೆ ಮಾತ್ರ ಬದಲಾಗಿದೆ. ಈಗ ಕಾಗದವನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ತರುತ್ತಾರೆ.